ಹಾಲೆಂಡಿನಲ್ಲಿ ನೋವಿನ ಚೌಕಾಶಿ

ಹೊರಡುವ ಮುನ್ನ

ವಿದೇಶಕ್ಕೆ ಹೋಗುವವರೆಲ್ಲ ಏನನ್ನಾದರೂ ನೋಡಲು ಹೋಗುತ್ತಾರೆ. ನಾನು ಹೋಗಿದ್ದು ತೋರಿಸಿಕೊಳ್ಳಲು. ಅದೂ ಪೂರ್ತಿ ನನ್ನನ್ನಲ್ಲ, ನನ್ನ ಎರಡು ಕೈಗಳನ್ನು ಮಾತ್ರ. ಬೆರಳಿನ ಗೆಣ್ಣು ನೋಡುವುದಕ್ಕೆ ಯಾರಾದರೂ ವಿಮಾನದ ಟಿಕೆಟ್ಟು ಕೊಟ್ಟು ಕರೆಸಿಕೊಳ್ಳುತ್ತಾರೆಂದರೆ ಬಳೇಪೇಟೆಯಲ್ಲಿ ಒಬ್ಬರೂ ನಂಬಲಿಲ್ಲ. ಕಿಡ್ನಿ ಕದಿಯುವವರಿರಬೇಕು, ರಾತ್ರಿ ಬಾಗಿಲು ಭದ್ರ ಮಾಡಿಕೊಂಡು ಮಲಗಿ ಎಂದು ಎದುರಿನ ಅರಿಸಿನ ಕುಂಕುಮದ ಅಂಗಡಿಯ ಶಿವಣ್ಣ ಎಚ್ಚರಿಸಿದರು.

ನಮ್ಮದು ಮಾವನವರ ಕಾಲದ ಬಳೆ ಅಂಗಡಿ. ಸಗಟು ವ್ಯಾಪಾರ ಗಂಡಸರದು. ಮುಂದೆ ಕೂತು ಹೆಂಗಸರಿಗೆ ಬಳೆ ತೊಡಿಸುವುದು ನಾನು ಮತ್ತು ನನ್ನ ವಾರಗಿತ್ತಿ ರತ್ನ. ನಮ್ಮಿಬ್ಬರದು ಒಂದು ಪದ್ಧತಿಯಿದೆ. ಬೆಲೆ ಹೇಳುವುದು ನಾನು, ಮುಖ ಗಂಟು ಹಾಕಿಕೊಂಡು. ಗಿರಾಕಿಯ ಮುಖ ಬಾಡುತ್ತದೆ. ಆಗ ರತ್ನ ಒಳಗಿನಿಂದ ಬಂದು, "ಹೋಗ್ಲಿ ಬಿಡಿ ಅಕ್ಕ, ನಮ್ಮೋರೇ ಅಲ್ವಾ" ಎಂದು ಇಳಿಸುತ್ತಾಳೆ. ಗಿರಾಕಿ ರತ್ನಳನ್ನು ಹರಸಿ, ನನ್ನನ್ನು ಮನಸ್ಸಿನಲ್ಲೇ ಬೈದುಕೊಂಡು, ನಾವು ಮೊದಲೇ ಅಂದುಕೊಂಡಿದ್ದ ಬೆಲೆಗೇ ಕೊಂಡು ಹೋಗುತ್ತಾಳೆ. ಹೀಗಾಗಿ ಪೇಟೆಯಲ್ಲೆಲ್ಲ ರತ್ನ ದೇವತೆ, ನಾನು ಗಯ್ಯಾಳಿ. ಲಾಭ ಮಾತ್ರ ಇಬ್ಬರಿಗೂ ಸಮ.

ಕೆಲವು ವರ್ಷಗಳ ಹಿಂದೆ ನನ್ನ ಬೆರಳುಗಳು ಊದಿಕೊಳ್ಳತೊಡಗಿದವು. ಬೆಳಿಗ್ಗೆ ಎದ್ದರೆ ಹಲ್ಲುಜ್ಜುವ ಬ್ರಷ್ಷೂ ಹಿಡಿಯಲಾಗದು. ಊರಿಗೆಲ್ಲ ಬಳೆ ತೊಡಿಸಿದವಳ ಕೈಗೆ ಅವಳ ಬಳೆಯೇ ಏರದಾಯಿತು. ಆಗ ಸಿಕ್ಕಿದವಳು ಡಾಕ್ಟರ್ ಸೌಮ್ಯ. ಗವಿಪುರದ ಹುಡುಗಿ, ಚಿಕ್ಕವಳಿದ್ದಾಗ ಹಬ್ಬದ ಮುಂಚೆ ಅಮ್ಮನ ಜೊತೆ ನಮ್ಮ ಅಂಗಡಿಗೆ ಬಂದು, ನಾನು ಕೈ ಹಿಸುಕಿ ಬಳೆ ಏರಿಸುವಾಗ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಈಗ ನನ್ನ ಕೈ ಅವಳ ಕೈಯಲ್ಲಿ, ಅಳುವ ಸರದಿ ನನ್ನದು.

ಅವಳು ತಿಳಿಸಿ ಹೇಳಿದಳು. ಹೊರಗಿನ ರೋಗಗಳನ್ನು ತಡೆಯಲು ನಮ್ಮ ಮೈಯೊಳಗೆ ಒಂದು ಪಡೆ ಇರುತ್ತದಂತೆ. ನನ್ನ ಪಡೆಗೆ ತಲೆ ಕೆಟ್ಟು, ಅದು ನನ್ನ ಕೀಲುಗಳನ್ನೇ ಶತ್ರು ಎಂದು ತಿಳಿದು ಬಡಿಯುತ್ತಿದೆಯಂತೆ. ಅಂದರೆ ಕಳ್ಳನಿಗೆಂದು ಇಟ್ಟ ಕಾವಲುಗಾರ ಯಜಮಾನನಿಗೇ ಬಾರಿಸಿದ ಹಾಗೆ. ಹದಿನೈದು ದಿನಕ್ಕೊಮ್ಮೆ ಒಂದು ಸೂಜಿ ಕೊಟ್ಟಳು. ಕಾವಲುಗಾರ ತಣ್ಣಗಾದ. ನಾನು ಮತ್ತೆ ಬಳೆ ತೊಡಿಸಿದೆ.

ಆದರೆ ಕಾವಲುಗಾರನನ್ನು ಸದಾ ಮಲಗಿಸಿಯೇ ಇಟ್ಟರೆ ನಿಜವಾದ ಕಳ್ಳ ಬಂದಾಗ ಏಳುವವರು ಯಾರು? ಜ್ವರ, ಕೆಮ್ಮು, ಎದೆಯ ಸೋಂಕು ಎಲ್ಲವೂ ಒಳಗೆ ಬಂದು ಕೂರಬಹುದು. ಅದಕ್ಕೇ ಸೌಮ್ಯ ಹಾಲೆಂಡಿನ ಒಂದು ವಿಶ್ವವಿದ್ಯಾಲಯದವರ ಜೊತೆ ಸೇರಿ ಒಂದು ಸಂಶೋಧನೆ ಶುರುಮಾಡಿದ್ದಳು. ಉರಿಯೂತ ಇಳಿದವರಿಗೆ ಸೂಜಿಯ ನಡುವಿನ ಅಂತರ ಹೆಚ್ಚಿಸಿದರೆ ಉರಿ ಮತ್ತೆ ಏಳುತ್ತದೋ ಇಲ್ಲವೋ ಎಂದು ನೋಡುವುದು. ಅಂತರ ಹೆಚ್ಚಿಸಿದವರಲ್ಲಿ ನಾನೂ ಒಬ್ಬಳು. ತಿಂಗಳುಗಟ್ಟಲೆ ಚೆನ್ನಾಗಿಯೇ ಇದ್ದೆ. ಹಾಗಾಗಿ ಅಲ್ಲಿನ ದೊಡ್ಡ ಸಭೆಯಲ್ಲಿ ಅವಳು ತನ್ನ ಕೆಲಸದ ಬಗ್ಗೆ ಮಾತಾಡುವಾಗ, "ಇಗೋ ನೋಡಿ" ಎಂದು ತೋರಿಸಲು ನನ್ನನ್ನು ಆರಿಸಿಕೊಂಡಳು. ಮದುವೆಗೆ ಮುಂಚೆ ಮಲ್ಲೇಶ್ವರದ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿದ್ದ ರತ್ನ ನನ್ನ ದುಭಾಷಿ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಆಸ್ಪತ್ರೆಗೆ ಹೋದಾಗಲೆಲ್ಲ ಸೌಮ್ಯ ಕೇಳುವುದು ಒಂದೇ ಪ್ರಶ್ನೆ: ಸೊನ್ನೆಯಿಂದ ಹತ್ತರೊಳಗೆ ಇವತ್ತು ನೋವು ಎಷ್ಟು? ನಾನು ಎಂಟಕ್ಕಿಂತ ಕೆಳಗೆ ಯಾವತ್ತೂ ಶುರು ಮಾಡಿದವಳಲ್ಲ. ಪಕ್ಕದಲ್ಲಿ ಕೂತ ರತ್ನ, "ಹೋಗ್ಲಿ ಡಾಕ್ಟ್ರೇ, ಮೂರು ಬರ್ಕೊಳ್ಳಿ" ಅನ್ನುತ್ತಾಳೆ. ಸೌಮ್ಯ ನನ್ನ ಗೆಣ್ಣು ಒತ್ತಿ, ರಕ್ತದ ವರದಿ ನೋಡಿ, ಸಾಮಾನ್ಯವಾಗಿ ಮೂರನ್ನೇ ಬರೆದುಕೊಳ್ಳುತ್ತಾಳೆ. ಇದು ಸುಳ್ಳು ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಮೊದಲ ಮಾತಿಗೇ ಅಸಲು ಹೇಳಿಬಿಟ್ಟವರು ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಬದುಕುವುದುಂಟೇ?

ವಿಮಾನ ಬದಲಿಸಿದ ಊರು

ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸಬೇಕಿತ್ತು. ತಪಾಸಣೆಯ ಯಂತ್ರ ನನ್ನ ಕೊರಳ ಹತ್ತಿರ ಬಂದು ಕೂಗಿಕೊಂಡಿತು. ಕಾರಣ ನನ್ನ ಬೆಳ್ಳಿ ಕರಡಿಗೆ, ಅದರೊಳಗಿನ ಇಷ್ಟಲಿಂಗ. ಕಾವಲಿನ ಹೆಂಗಸು ಇದೇನು ಎಂದಳು. ಇದು ಇವರ ದೇವರು ಎಂದಳು ರತ್ನ. ತೆಗೆದು ತೋರಿಸಲಾಗುತ್ತದೆಯೇ ಎಂದು ಆಕೆ ಕೇಳಿದಾಗ, ದಿನಾ ತೆಗೆಯುತ್ತೇನೆ, ಆದರೆ ಕೈ ತೊಳೆದುಕೊಂಡು ಎಂದು ಹೇಳಿಸಿದೆ. ಆಕೆ ತನ್ನ ಕೈಗವಸಿನ ಕಡೆ ಒಮ್ಮೆ ನೋಡಿಕೊಂಡು, ಅದನ್ನು ಬಿಚ್ಚಿ, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ನೀವೇ ತೆರೆಯಿರಿ ಎಂದು ಸನ್ನೆ ಮಾಡಿದಳು. ಆ ಮಗಳು ಎಲ್ಲಿದ್ದರೂ ಚೆನ್ನಾಗಿರಲಿ.

ನನ್ನ ಚೀಲದ ಚಟ್ನಿಪುಡಿಗೆ ಅಷ್ಟು ಮರ್ಯಾದೆ ಸಿಗಲಿಲ್ಲ. ಇನ್ನೊಬ್ಬ ಕಾವಲಿನವನು ಪೊಟ್ಟಣ ಬಿಚ್ಚಿ, ಮೂಗಿಗೆ ಹಿಡಿದು, ಸೀನತೊಡಗಿದವನು ನಿಲ್ಲಿಸಲೇ ಇಲ್ಲ. ಸೀನುವುದೂ ಮೈಯೊಳಗಿನ ಕಾವಲಿನವರದೇ ಕೆಲಸ ಎಂದು ಜೊತೆಗಿದ್ದ ಸೌಮ್ಯ ನಮಗೆ ಅಲ್ಲೇ ಪಾಠ ಮಾಡಿದಳು. ಅವನು ಕಣ್ಣೊರೆಸಿಕೊಂಡು ನಮಗೆ ಬೇಗ ಹೋಗಿ ಎಂದ.

ಮೊದಲ ದಿನ: ಒಂದೇ ಬಿಸ್ಕತ್ತಿನ ಮನೆ

ಊರಿನ ಹೆಸರು ಹೇಳುವುದಿಲ್ಲ. ಗುಟ್ಟೇನೂ ಅಲ್ಲ. ಅದನ್ನು ಹೇಳಬೇಕಾದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರ ಹಾಗೆ ಕ್ಯಾಕರಿಸಬೇಕು. ಮೀನೇ ತಿನ್ನದ ನಮ್ಮ ಗಂಟಲಿಗೆ ಅದು ಒಗ್ಗಲಿಲ್ಲ.

ಅಲ್ಲಿ ಎಲ್ಲರೂ ಸೈಕಲ್ ಮೇಲೆ. ಮಂತ್ರಿಯಂತೆ ಕಾಣುವವರೂ ಸೈಕಲ್ ಮೇಲೆ, ಮುತ್ತಜ್ಜಿಯರೂ ಸೈಕಲ್ ಮೇಲೆ. ಕೆಂಪು ಬಣ್ಣದ ಚೊಕ್ಕಟ ದಾರಿಯೊಂದು ಕಂಡಿತೆಂದು ನಾವಿಬ್ಬರೂ ಅದರ ಮೇಲೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆವು. ಹಿಂದಿನಿಂದ ಒಬ್ಬಳು ಅಜ್ಜಿ ಗಂಟೆ ಬಾರಿಸುತ್ತ ಬಂದು, ನಿಲ್ಲಿಸದೆಯೇ ಏನೋ ಬೈದು ಹೋದಳು. ಅದು ಸೈಕಲ್ಲಿನವರ ದಾರಿಯಂತೆ. ಬಳೇಪೇಟೆಯಲ್ಲಿ ತಳ್ಳುಗಾಡಿ, ಸ್ಕೂಟರು, ಹಸು, ಗಿರಾಕಿ ಎಲ್ಲರಿಗೂ ಒಂದೇ ದಾರಿ. ಬೈಗುಳವೂ ಎಲ್ಲರಿಗೂ ಹಂಚಿಹೋಗುತ್ತದೆ.

ಸಂಜೆ ಯಾನ್ ಎಂಬ ಸಂಶೋಧಕ ನಮ್ಮನ್ನು ಮನೆಗೆ ಕರೆದ. ಸೌಮ್ಯಳ ಜೊತೆ ಕೆಲಸ ಮಾಡುವವನು ಇವನೇ. ತನ್ನ ಮನೆಯ ಬಾಗಿಲಿಗೇ ತಲೆ ತಗ್ಗಿಸಿ ಬರುವಷ್ಟು ಎತ್ತರ. ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ತೆರೆದು ಹಿಡಿದ. ಒಂದೊಂದು ತೆಗೆದುಕೊಂಡೆವು. ಇನ್ನೊಂದು ಎಂದ. ಬೇಡ ಎಂದೆವು. ಸಭ್ಯರು ಬೇರೇನು ಹೇಳಬೇಕು? ನಮ್ಮಲ್ಲಾದರೆ ಮೊದಲ ಬೇಡ ಬರೀ ಪೀಠಿಕೆ. ಎರಡು ಸಲ ಒತ್ತಾಯ ಮಾಡಿ, ನನ್ನಾಣೆ ಹಾಕಿ, ತಟ್ಟೆಗೆ ಸುರಿಯಬೇಕು. ಯಾನ್ ಸರಿ ಎಂದು ಡಬ್ಬಿಯ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟ. ನಾನೂ ರತ್ನಳೂ ಆ ಕಪಾಟನ್ನೇ ನೋಡುತ್ತ ಕೂತೆವು.

ಅವರ ಮನೆಯ ಪಾಯಖಾನೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿತ್ತು. ಅದರ ತುಂಬ ನೆಂಟರ, ಸ್ನೇಹಿತರ ಹುಟ್ಟುಹಬ್ಬಗಳು. ದಿನಾ ತಪ್ಪದೆ ಬಂದು ಕೂರುವ ಜಾಗ ಅದೊಂದೇ, ಅಲ್ಲಿದ್ದರೆ ಮರೆಯುವುದಿಲ್ಲ ಎಂದ ಯಾನ್. ನಮ್ಮ ಅತ್ತೆಯವರ ಹೆಸರು ಅಂಥ ಕಡೆ ಬರೆದಿದ್ದರೆ ನಾವು ಮನೆಯಲ್ಲಿ ಉಳಿಯುತ್ತಿದ್ದೆವೇ ಎಂದು ದಾರಿಯುದ್ದಕ್ಕೂ ನಕ್ಕೆವು.

ಎರಡನೆಯ ದಿನ: ಹೂವಿನ ಸಂತೆ, ಪ್ರಯೋಗಶಾಲೆ

ಬೆಳಿಗ್ಗೆ ಹೂವಿನ ಸಂತೆಗೆ ಹೋದೆವು. ಕೃಷ್ಣರಾಜ ಮಾರುಕಟ್ಟೆಯ ಹಾಗೆ ಕಾಲ ಕೆಳಗೆ ಕೊಳೆತ ಸೊಪ್ಪಿಲ್ಲ, ತಲೆಯ ಮೇಲೆ ಮೂಟೆ ಹೊತ್ತು ನುಗ್ಗುವವರಿಲ್ಲ, ಕೂಗಾಟವಿಲ್ಲ. ಹೂವಿಗೆ ಪರಿಮಳವೂ ಇಲ್ಲ. ರತ್ನಳಿಗೆ ಚೌಕಾಶಿ ಮಾಡಲು ನಾಲಿಗೆ ತುರಿಸಿತು. ಒಂದು ಗೊಂಚಲಿನ ಬೆಲೆ ಕೇಳಿ, ಅದರ ಅರ್ಧ ಹೇಳಿದಳು. ಮಾರುವವನು ಅವಳನ್ನು ಕನಿಕರದಿಂದ ನೋಡಿ, ನಿಮ್ಮ ಹತ್ತಿರ ಅಷ್ಟಿಲ್ಲದಿದ್ದರೆ ಚಿಕ್ಕ ಗೊಂಚಲು ತೆಗೆದುಕೊಳ್ಳಿ ಎಂದ. ನಾವು ಮುನಿಸಿಕೊಂಡು ಹೊರಟಂತೆ ನಟಿಸಿದೆವು. ಹಿಂದಿನಿಂದ ಕರೆಯುತ್ತಾನೆಂದು ನಿಧಾನವಾಗಿಯೇ ನಡೆದೆವು. ಅವನು ಕೈ ಬೀಸಿ ಶುಭದಿನ ಹಾರೈಸಿದ.

ಮಧ್ಯಾಹ್ನ ಪ್ರಯೋಗಶಾಲೆ. ಸೂಕ್ಷ್ಮದರ್ಶಕದಲ್ಲಿ ಯಾರದೋ ರಕ್ತದ ಕಾವಲುಗಾರರನ್ನು ತೋರಿಸಿದರು. ನೋಡಲು ಪಾಪ ಅನ್ನಿಸುವಂತಿದ್ದರು, ಸಾಬೂದಾನಿಯ ಹಾಗೆ ದುಂಡಗೆ. ಇಷ್ಟು ಮುಗ್ಧವಾಗಿ ಕಾಣುವವರು ನನಗೆ ಅಷ್ಟು ಹೊಡೆದರೇ ಎಂದು ಆಶ್ಚರ್ಯವಾಯಿತು. ಆಮೇಲೆ ಯಾನ್ ನನ್ನ ಗೆಣ್ಣುಗಳ ಮೇಲೆ ತಣ್ಣನೆಯ ಅಂಟು ಸವರಿ, ಸ್ಕ್ಯಾನ್ ಮಾಡಿದ. ಒಳಗೆ ಉರಿಯಿದ್ದರೆ ತೆರೆಯ ಮೇಲೆ ಕೆಂಪು ಮೂಡುತ್ತದಂತೆ. ಕೆಂಪಿನ ಸುಳಿವೂ ಇರಲಿಲ್ಲ. ಸುಂದರ ಎಂದ. ನನ್ನ ಕೈ ನೋಡಿ ಆ ಮಾತು ಹೇಳಿದ ಮೊದಲ ಗಂಡಸು ಅವನೇ.

ಆಮೇಲೆ ಅದೇ ಪ್ರಶ್ನೆ ಬಂತು, ಹತ್ತರಲ್ಲಿ ಎಷ್ಟು ಎಂದು. ನಾನು ಎಂಟು ಎಂದೆ. ರತ್ನ ಇಂಗ್ಲಿಷಿನಲ್ಲಿ ಮೂರು ಎಂದಳು. ನಾನು ಎತ್ತಿದ್ದು ಎಂಟು ಬೆರಳು ಎನ್ನುವುದನ್ನು ಯಾನ್ ನೋಡಿಬಿಟ್ಟಿದ್ದ. ಪೆನ್ನು ಕೆಳಗಿಟ್ಟು, ನೋವು ನಿಮ್ಮಿಬ್ಬರಲ್ಲಿ ಯಾರದು ಎಂದು ಕೇಳಿದ. ಸೌಮ್ಯ ಮುಖ ಕೆಂಪಾಗಿಸಿಕೊಂಡು ಅವನಿಗೆ ಬಳೇಪೇಟೆಯ ವ್ಯಾಪಾರವನ್ನೆಲ್ಲ ವಿವರಿಸಬೇಕಾಯಿತು. ಅವನು ಮೊದಲು ಬಹಳ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ್ದನ್ನು ರತ್ನ ನನಗೆ ಕನ್ನಡದಲ್ಲಿ ಹೇಳಿದಳು. ಊತ ಯಂತ್ರಕ್ಕೆ ಕಾಣುತ್ತದೆ, ಉರಿ ರಕ್ತದಲ್ಲಿ ಕಾಣುತ್ತದೆ, ನೋವು ಮಾತ್ರ ನಿಮಗೊಬ್ಬರಿಗೇ ಗೊತ್ತು; ಅದಕ್ಕೆ ನೀವೇ ತಕ್ಕಡಿ. ತಕ್ಕಡಿ ಸುಳ್ಳು ಹೇಳಿದರೆ ನಮ್ಮ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಹಾಗಾದರೆ ನಾಲ್ಕು ಎಂದೆ. ನಿಜಕ್ಕೂ ಅಂದು ಇದ್ದದ್ದು ಎರಡು. ಆದರೆ ಅಸಲಿಗೇ ಮಾರಿ ನನಗೆ ಅಭ್ಯಾಸವಿಲ್ಲ. ರತ್ನ ತುಟಿ ಕಚ್ಚಿಕೊಂಡು ನಗು ತಡೆದಳು.

ಸಂಜೆ ಸೌಮ್ಯ ನಮ್ಮ ಕೋಣೆಗೆ ಬಂದು ಮರುದಿನದ ಭಾಷಣವನ್ನು ನಮಗೇ ಒಪ್ಪಿಸಿದಳು. ಅಷ್ಟು ದೊಡ್ಡ ಸಭೆಯಲ್ಲಿ ಅವಳು ಯಾವತ್ತೂ ಮಾತಾಡಿರಲಿಲ್ಲ. "ಕೊನೇಲಿ ನೀವು ಬಂದು ನಿಂತ್ಕೊಳ್ಳಿ ಆಂಟಿ, ಸಾಕು. ನಿಮ್ಮನ್ನ ನೋಡಿದ್ರೆ ನಂಗೆ ಧೈರ್ಯ ಬರತ್ತೆ" ಎಂದಳು. ನನಗೆ ಹೆಮ್ಮೆಯಾಯಿತು. ನನ್ನ ಮಗಳೇ ಪರೀಕ್ಷೆಗೆ ಹೊರಟಂತಾಗಿ, ಅವಳಿಗೆ ದೃಷ್ಟಿ ತೆಗೆದೆ.

ಮೂರನೆಯ ದಿನ: ಸಭಾಂಗಣ

ಬೆಳಿಗ್ಗೆ ಎದ್ದಾಗ ನನ್ನ ಕೈಗಳು ನನ್ನವಾಗಿರಲಿಲ್ಲ. ಗೆಣ್ಣುಗಳು ಉಬ್ಬಿ, ಬಿಸಿಯೇರಿ, ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡಿದ್ದವು. ಮುಷ್ಟಿ ಕಟ್ಟಲು ನೋಡಿದೆ, ಆಗಲಿಲ್ಲ. ಆ ಹಳೆಯ ದಿನಗಳು ಹಾಗೆಯೇ ವಾಪಸು ಬಂದು ಹಾಸಿಗೆಯ ಮೇಲೆ ಕೂತಿದ್ದವು. ನನಗೆ ನಿಜವಾಗಿಯೂ ಭಯವಾಯಿತು.

ಆದರೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಇನ್ನೆರಡು ಗಂಟೆಯಲ್ಲಿ ಆ ಹುಡುಗಿ ಅಷ್ಟು ಜನರ ಮುಂದೆ ನನ್ನನ್ನು ನಿಲ್ಲಿಸಿ, ಇವರ ಉರಿ ಆರಿದೆ ನೋಡಿ ಎನ್ನುವವಳಿದ್ದಾಳೆ. ಆಗ ನಾನು ಒಲೆಯ ಹಾಗೆ ಉರಿಯುವ ಕೈ ಚಾಚಿದರೆ ಅವಳ ಗತಿ? ಸುಮ್ಮನಿರುವುದು ಎಂದು ತೀರ್ಮಾನಿಸಿದೆ. ಒಂದು ಹೊತ್ತು ಹಲ್ಲು ಕಚ್ಚಿಕೊಂಡಿದ್ದರಾಯಿತು, ಊರಿಗೆ ಹೋಗಿ ಅವಳಿಗೆ ಮೆಲ್ಲಗೆ ಹೇಳಿದರಾಯಿತು.

ಸೀರೆಯ ನೆರಿಗೆ ಹಿಡಿಯಲು ಬೆರಳು ಬಗ್ಗಲಿಲ್ಲ. "ರತ್ನ, ಇವತ್ತು ನೀನೇ ನೆರಿಗೆ ಹಿಡಿ, ನಿನ್ನ ಕೈಲಿ ಚೆನ್ನಾಗಿ ಕೂರತ್ತೆ" ಎಂದೆ. ಮದುವೆಯಾಗಿ ಬಂದಾಗಿನಿಂದ ಅವಳ ನೆರಿಗೆಯನ್ನು ಆಡಿಕೊಂಡವಳು ನಾನು. ಅವಳು ಬಗ್ಗಿ ಕೂತು ನೆರಿಗೆ ಹಿಡಿದು ಉಡಿಸಿದಳು. ತಿಂಡಿಗೆ ಕೂತಾಗ ಚಹಾದ ಬಟ್ಟಲನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿದೆ. ಚಳಿ ಎಂದೆ. ಅವಳು ನನ್ನ ಬ್ರೆಡ್ಡಿಗೂ ತಾನೇ ಬೆಣ್ಣೆ ಸವರಿಕೊಟ್ಟಳು.

ಸಭಾಂಗಣ ತುಂಬಿತ್ತು. ಎಲ್ಲರೂ ಇದೇ ಉರಿಯೂತದ ಬೆನ್ನು ಹತ್ತಿದವರು. ಒಬ್ಬರು ಕರುಳಿನದು, ಒಬ್ಬರು ಚರ್ಮದ್ದು, ಒಬ್ಬರು ಕೀಲಿನದು. ಸೌಮ್ಯ ರೇಷ್ಮೆ ಸೀರೆಯುಟ್ಟು ಚೆನ್ನಾಗಿ ಮಾತಾಡಿದಳು, ಒಂದು ಕಡೆಯೂ ತಡವರಿಸಲಿಲ್ಲ. ಕೊನೆಗೆ ನಮ್ಮನ್ನು ಕರೆದಳು. ನಾನು ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡು ವೇದಿಕೆ ಹತ್ತಿದೆ. ಚಪ್ಪಾಳೆ ಹೊಡೆದರು. ಯಾನ್ ಮೈಕು ಹಿಡಿದು, ಸಭೆಗೂ ತಿಳಿಯಲೆಂದು, ಇವತ್ತಿನ ಸಂಖ್ಯೆ ಎಷ್ಟು ಎಂದು ಕೇಳಿದ.

"ಒಂದು" ಎಂದೆ.

ರತ್ನ ನನ್ನ ಮುಖ ನೋಡಿದಳು. ಮೈಕಿನ ಹತ್ತಿರ ಬಾಗಿ, ಇಂಗ್ಲಿಷಿನಲ್ಲಿ ಒಂಬತ್ತು ಎಂದಳು.

ಅಷ್ಟು ಇಂಗ್ಲಿಷು ನನಗೂ ಬರುತ್ತದೆ. "ರತ್ನ, ಒಂದು ಅಂದೆ ಕಣೇ" ಎಂದು ಪಿಸುಗುಟ್ಟಿದೆ.

"ಕೇಳಿಸ್ತು ಅಕ್ಕ" ಎಂದು, ಮತ್ತೊಮ್ಮೆ ಒಂಬತ್ತು ಎಂದಳು. ಬೆಲೆ ಬದಲಾಗಲಿಲ್ಲ.

ಸೌಮ್ಯ ತನ್ನ ಜಾಗ ಬಿಟ್ಟು ನನ್ನ ಹತ್ತಿರ ಬಂದು ಕೈ ಕೊಡಿ ಎಂದಳು. ಮೊದಲು ನಿನ್ನ ಮಾತು ಮುಗಿಸು ಎಂದೆ. ಅವಳು ಕೇಳಲಿಲ್ಲ, ಸೆರಗು ಸರಿಸಿ ನಡುಬೆರಳಿನ ಗೆಣ್ಣನ್ನು ಮೆಲ್ಲಗೆ ಒತ್ತಿದಳು. ನನ್ನ ಬಾಯಿಂದ ಹೊರಟ ಸ್ವರಕ್ಕೆ ದುಭಾಷಿಯ ಅಗತ್ಯ ಬೀಳಲಿಲ್ಲ. ಯಾನ್ ತಾನಾಗಿಯೇ ಒಂದು ಕುರ್ಚಿ ತಂದು ನನ್ನನ್ನು ಕೂರಿಸಿದ.

ಮುಗಿಯಿತು, ಈ ಹುಡುಗಿಯ ಮಾನ ಕಳೆದೆ ಎಂದು ನಾನು ತಲೆ ತಗ್ಗಿಸಿದೆ. ಸೌಮ್ಯ ಸಭೆಯ ಕಡೆ ತಿರುಗಿ, ತನ್ನ ಭಾಷಣದ ಕೊನೆಯ ಭಾಗವನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ನಿನ್ನೆ ಶಾಂತವಾಗಿದ್ದ ಕೈ ಇಂದು ಹೀಗಿದೆ. ಇನ್ನಷ್ಟು ಜನರ ಸೂಜಿ ದೂರ ಮಾಡುವ ಮುಂಚೆ, ಇಂಥದ್ದನ್ನು ಬೇಗ ಹಿಡಿಯುವುದು ಹೇಗೆಂದು ನಾವು ಕಂಡುಕೊಳ್ಳಬೇಕು. ರತ್ನ ಇದನ್ನೆಲ್ಲ ನನ್ನ ಕಿವಿಯಲ್ಲಿ ಹೇಳುತ್ತ ಹೋದಳು. ಯಾರೂ ನಗಲಿಲ್ಲ. ಬಿಳಿ ತಲೆಯ ಒಬ್ಬ ಪ್ರೊಫೆಸರಮ್ಮ ಎದ್ದು ಪ್ರಶ್ನೆಯೊಂದನ್ನು ಕೇಳಿದರು, ಇನ್ನೊಬ್ಬರು ಉತ್ತರಿಸಿದರು, ನಮ್ಮನ್ನು ಮರೆತು ಅವರೆಲ್ಲ ಅರ್ಧ ಗಂಟೆ ಮಾತಾಡಿಕೊಂಡರು.

ಹೊರಗೆ ಬಂದ ಮೇಲೆ ಸೌಮ್ಯ ನನ್ನ ಮೇಲೆ ರೇಗಿದಳು. ಅವಳು ರೇಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನೀವು ಒಂದು ಅಂದಿದ್ದನ್ನ ನಾನು ನಂಬಿಬಿಟ್ಟಿದ್ರೆ, ಊರಿಗೆ ಹೋಗಿ ಮಿಕ್ಕವರ ಸೂಜಿನೂ ದೂರ ಮಾಡ್ಬಿಡ್ತಿದ್ದೆ ಆಂಟಿ. ಅವರ ಕೈ ಏನಾಗ್ತಿತ್ತು?"

ನನಗೆ ಮುನಿಯಮ್ಮ ನೆನಪಾದಳು. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂರುವವಳು, ಮಾರುಕಟ್ಟೆಯಲ್ಲಿ ಹೂ ಕಟ್ಟಿ ಬದುಕುವವಳು. ನಾನು ಬೆರಳು ಬಗ್ಗದಿದ್ದರೂ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಊಟ ಮಾಡಬಹುದು, ಅವಳು ಏನು ಮಾಡಬೇಕು? ನಾನು ಸೌಮ್ಯಳ ಮಾನ ಉಳಿಸುತ್ತೇನೆಂದು ಹೊರಟವಳು ಮುನಿಯಮ್ಮನ ಬೆರಳುಗಳನ್ನು ಮಾರಿಬಿಡುತ್ತಿದ್ದೆ. ಅಲ್ಲೇ ಗೋಡೆಗೆ ಒರಗಿ ಅತ್ತೆ. ಸೌಮ್ಯ ಕೋಪ ಬಿಟ್ಟು ನನ್ನನ್ನು ತಬ್ಬಿಕೊಂಡಳು, ಆದರೆ ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಅದೇ ಸಂಜೆ: ಕಾಲುವೆಯ ಪಕ್ಕದ ಕೋಣೆ

ಯಾನ್ ಓಡಾಡಿ ಅಲ್ಲಿನ ಆಸ್ಪತ್ರೆಯಲ್ಲಿ ಸೂಜಿಯ ವ್ಯವಸ್ಥೆ ಮಾಡಿಸಿದ. ಊರಿಗೆ ಹೋದ ಮೇಲೆ ಮತ್ತೆ ಹದಿನೈದು ದಿನಕ್ಕೊಂದು ಎಂದು ಸೌಮ್ಯ ತೀರ್ಮಾನಿಸಿದಳು. ಆದರೆ ಕೈಯಲ್ಲಿ ಕಚ್ಚಿಕೊಂಡ ಬಳೆಗಳನ್ನು ತೆಗೆಯಲು ಆ ದೇಶದಲ್ಲಿ ತಜ್ಞರು ಯಾರೂ ಇರಲಿಲ್ಲ. ಆಸ್ಪತ್ರೆಯ ನರ್ಸು ಇಕ್ಕಳ ತಂದಿದ್ದಳು. ಮುತ್ತೈದೆಯ ಬಳೆಗೆ ಇಕ್ಕಳವೇ ಎಂದು ರತ್ನ ಅವಳನ್ನು ದೂರ ನಿಲ್ಲಿಸಿ, ನನ್ನನ್ನು ಕೋಣೆಗೆ ಕರೆತಂದಿದ್ದಳು.

ಬಚ್ಚಲಿನ ನೀರು, ಹೋಟೆಲಿನವರ ಚಿಕ್ಕ ಸಾಬೂನು. ಅವಳು ನೊರೆ ಮಾಡಿ, ನನ್ನ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಒಂದೊಂದೇ ಬಳೆಯನ್ನು ಜಾರಿಸತೊಡಗಿದಳು. ನಾವು ಗಿರಾಕಿಗಳಿಗೆ ಮಾಡುವ ಹಾಗೆಯೇ, ಮಾತಾಡಿಸುತ್ತ ಮಾತಾಡಿಸುತ್ತ. ಯಾನ್ ಮನೆಯ ಕಪಾಟಿನಲ್ಲಿ ಇನ್ನೂ ಎಷ್ಟು ಬಿಸ್ಕತ್ತು ಉಳಿದಿರಬಹುದು ಎಂದು ಕೇಳಿದಳು. ನಾನು ನಕ್ಕಾಗ ಒಂದು ಬಳೆ ಹೊರಬಂತು. ಒಂದೂ ಒಡೆಯಲಿಲ್ಲ. ಕೈ ಬರಿದಾಗಬಾರದೆಂದು ತನ್ನ ಕೈಯ ದೊಡ್ಡ ಅಳತೆಯ ಬಳೆಗಳಲ್ಲಿ ಒಂದೊಂದನ್ನು ನನಗೆ ತೊಡಿಸಿದಳು.

ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ನೆರಿಗೆಯಿಂದಲೋ, ಚಹಾದ ಬಟ್ಟಲಿನಿಂದಲೋ ಎಂದು.

"ಅದೆಲ್ಲ ಅನುಮಾನ ಅಷ್ಟೇ" ಎಂದಳು. "ಒಂದು ಅಂದ್ರಲ್ಲ, ಆಗ ಗೊತ್ತಾಯ್ತು. ಇಷ್ಟು ವರ್ಷದಲ್ಲಿ ನೀವು ಯಾವತ್ತಾದ್ರೂ ಅಸಲಿಗಿಂತ ಕಮ್ಮಿಗೆ ಕೊಟ್ಟಿದೀರಾ ಅಕ್ಕ?"

ಅವಳು ಟವೆಲಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಕಿಟಕಿಗೆ ಪರದೆಯಿರಲಿಲ್ಲ, ಎದುರು ಮನೆಯವರು ರಾತ್ರಿಯ ಬ್ರೆಡ್ಡು ತಿನ್ನುತ್ತ ನಮ್ಮನ್ನು ನೋಡುತ್ತಿದ್ದರು, ನಾವು ಅವರನ್ನು ನೋಡಿದೆವು.

"ನಾನೂ ಅಂದಾಜಿನ ಮೇಲೆ ಒಂಬತ್ತು ಅಂದ್ಬಿಟ್ಟೆ" ಎಂದಳು ರತ್ನ. "ನಿಜವಾಗ್ಲೂ ಎಷ್ಟಿತ್ತು?"

"ಹತ್ತು" ಎಂದೆ.

ರತ್ನ ಇಳಿಸಲಿಲ್ಲ.